ಬೆಂಕಿ ಕಂಡ ಹಸಿರು ಹರಳು

ಬೆಸುಗೆಯ ಕಲೆ ತೆಗೆಯುವ ಆಮ್ಲದ ಬಟ್ಟಲಿನಿಂದ ಉಂಗುರವನ್ನು ಎತ್ತಿ, ತೊಳೆದು, ಬಿಳಿ ಬಟ್ಟೆಯ ಮೇಲೆ ಇಟ್ಟಾಗ ವೆಸ್ನಾಳಿಗೆ ಮೊದಲು ಅನಿಸಿದ್ದು ತಾನು ಬೇರೆ ಯಾರದೋ ಉಂಗುರವನ್ನು ತೆಗೆದಿದ್ದೇನೆ ಎಂದು. ತಾಮ್ರದ ಚಿಮಟವನ್ನು ಮತ್ತೆ ಬಟ್ಟಲಿಗೆ ಇಳಿಸಿ ತಳದಲ್ಲಿ ತಡಕಾಡಿದಳು. ಅಲ್ಲಿ ಏನೂ ಇರಲಿಲ್ಲ. ಬಟ್ಟೆಯ ಮೇಲಿದ್ದದ್ದು ಮರ್ವ್ ಟ್ರೆಲೋರನ ಉಂಗುರವೇ. ಆದರೆ ಅದರ ನಡುವೆ ಬೆಳಿಗ್ಗೆ ಎಳೆ ಹುಲ್ಲಿನ ಬಣ್ಣದಲ್ಲಿದ್ದ ಹರಳು ಈಗ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಒಂದು ಬದಿ ಕೆಂಪು, ಇನ್ನೊಂದು ಬದಿ ಕಂದು, ನಡುವೆ ಕೆಸರು.

ಕಾದ ವಜ್ರದ ಬಣ್ಣ ಕೆಲವೊಮ್ಮೆ ಕೊಂಚ ಹೊತ್ತು ಬದಲಾಗಿ, ಆರಿದ ಮೇಲೆ ಮೊದಲಿನಂತಾಗುವುದುಂಟು. ವೆಸ್ನಾ ಅದನ್ನು ನಂಬಿಕೊಂಡು ಕಾದಳು. ಉಂಗುರ ಕೈಗೆ ತಣ್ಣಗೆ ತಾಗಿತು. ಹರಳು ಹಾಗೆಯೇ ಇತ್ತು.

ಆಸ್ಟ್ರೇಲಿಯಾದ ಗಣಿಯೂರು ಬ್ರೋಕನ್ ಹಿಲ್‌ನ ಆರ್ಜೆಂಟ್ ಬೀದಿಯಲ್ಲಿ ಗ್ರೇಮ್‌ನ ಒಡವೆ ಅಂಗಡಿಯಿದೆ. ಅದರ ಹಿಂದಿನ ಕೋಣೆಯಲ್ಲಿ ವೆಸ್ನಾ ಅಕ್ಕಸಾಲಿಯಾಗಿ ಕೂತು ಮೂವತ್ತು ವರ್ಷದ ಹತ್ತಿರವಾಗಿತ್ತು. ಊರಿನ ಅರ್ಧ ಮದುವೆಗಳ ಉಂಗುರ ಅವಳ ಮೇಜನ್ನು ದಾಟಿ ಹೋಗಿತ್ತು. ಗಣಿಯಲ್ಲಿ ಊದಿಕೊಂಡ ಬೆರಳುಗಳಿಂದ ಉಂಗುರ ಕತ್ತರಿಸಿ ತೆಗೆದದ್ದೂ ಅವಳೇ. ಬೆಂಕಿ ತಾಗಿದರೆ ಪಚ್ಚೆ ಸೀಳುತ್ತದೆ, ಓಪಲ್ ಪುಡಿಯಾಗುತ್ತದೆ. ಅವನ್ನು ಉಂಗುರದಿಂದ ಬಿಡಿಸಿಯೇ ಬೆಸುಗೆ ಹಾಕಬೇಕು. ವಜ್ರಕ್ಕೆ ಆ ಉಪಚಾರ ಬೇಕಿಲ್ಲ. ಸ್ಪಿರಿಟ್‌ನಲ್ಲಿ ಕಲಸಿದ ಬೋರಿಕ್ ಪುಡಿಯಲ್ಲಿ ಇಡೀ ಉಂಗುರವನ್ನು ಅದ್ದಿ, ಹೊತ್ತಿಸಿ, ಬಿಳಿಯ ತೆಳು ಪದರ ಕೂರಿಸಿದರೆ ವಜ್ರ ಬೆಂಕಿಯನ್ನು ತಡೆಯುತ್ತದೆ. ಅವಳಿಗೆ ಕೆಲಸ ಕಲಿಸಿದವರು ಹಾಗೆ ಮಾಡುತ್ತಿದ್ದರು, ಅವಳೂ ಹಾಗೆಯೇ ಮಾಡಿಕೊಂಡು ಬಂದಿದ್ದಳು. ಕೈ ಅದನ್ನು ಯೋಚಿಸದೆ ಮಾಡುತ್ತಿತ್ತು.

ಮರ್ವ್ ಉಂಗುರ ತಂದದ್ದು ಹಿಂದಿನ ದಿನ. ಎಪ್ಪತ್ತು ದಾಟಿದ ಅವನು ವೆಸ್ನಾಳ ಅಪ್ಪನ ಜೊತೆ ನೆಲದಡಿಯಲ್ಲಿ ಸತು ಮತ್ತು ಸೀಸದ ಅದಿರು ಅಗೆದವನು. ಬೆಳಗಿನ ಚಹಾ ಮುಗಿಸಿ ದಿನವೂ ಒಮ್ಮೆ ಅಂಗಡಿಗೆ ಬಂದು ಗ್ರೇಮ್‌ನ ಫುಟ್‌ಬಾಲ್ ತಂಡವನ್ನು ಬೈದು ಹೋಗುವುದು ಅವನ ವಾಡಿಕೆ. ಆ ದಿನ ಬಂದವನೇ ಕಿರುಬೆರಳಿನ ಉಂಗುರ ಬಿಚ್ಚಿ ಗಾಜಿನ ಮೇಲಿಟ್ಟ.

"ನಾಯಿ ಸರಪಳಿಗೆ ಸಿಕ್ಕಾಕ್ಕೊಂಡು ಇವಳ ಎರಡು ಹಲ್ಲು ಹೋಯ್ತು, ನೋಡು ಹುಡುಗಿ."

ಹರಳನ್ನು ಹಿಡಿದಿದ್ದ ಚಿನ್ನದ ಕೊಕ್ಕೆಗಳಲ್ಲಿ ಎರಡು ಮುರಿದಿದ್ದವು.

"ನಿನ್ನ ಹಲ್ಲು ಯಾವಾಗ ಹಾಕಿಸ್ಕೋತೀಯಾ ಮುದುಕಾ?" ಎಂದ ಗ್ರೇಮ್. "ತಲೆ ಬಗ್ಗಿಸು, ಅದೇ ಬೆಂಕೀಲಿ ಅದನ್ನೂ ಕೂರಿಸಿಬಿಡ್ತಾಳೆ."

"ನನ್ನ ಬಾಯಿ ಹತ್ರ ಬೆಂಕಿ ತರಬೇಡ. ನಿನ್ನೆ ರಾತ್ರಿದು ರಮ್ ಇನ್ನೂ ಅಲ್ಲೇ ಇದೆ. ಅಂಗಡಿನೇ ಹೋಗುತ್ತೆ."

ಆ ಹರಳು ಲೊರೇನ್ ಎಂಬುದು ಊರಿಗೆಲ್ಲ ಗೊತ್ತಿತ್ತು. ಲೊರೇನ್ ಮರ್ವ್‌ನ ಹೆಂಡತಿ. ಅವಳು ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಅಡಿಲೇಡ್‌ನಲ್ಲಿರುವ ಮಗಳು ಕೆರಿನ್, ಅಮ್ಮನ ಬೂದಿಯಲ್ಲಿ ಒಂದು ಪಾಲನ್ನು ಹೊರದೇಶದ ಕಂಪನಿಯೊಂದಕ್ಕೆ ಕಳಿಸಿದ್ದಳು. ಅವರು ಬೂದಿಯಿಂದ ಇಂಗಾಲವನ್ನು ಬೇರ್ಪಡಿಸಿ, ಕರಗಿದ ಕಬ್ಬಿಣದ ಮಿಶ್ರಣದಲ್ಲಿಟ್ಟು, ಯಂತ್ರದ ಒತ್ತಡದಲ್ಲಿ ವಾರಗಟ್ಟಲೆ ಬೇಯಿಸಿ ವಜ್ರ ಬೆಳೆಸಿಕೊಡುತ್ತಾರೆ. ಹೀಗೆ ಬೆಳೆದ ಹರಳಿನೊಳಗೆ ಒಮ್ಮೊಮ್ಮೆ ಆ ಲೋಹದ ಚೂರು ಸಿಕ್ಕಿಬಿದ್ದಿರುತ್ತದೆ. ಲೊರೇನ್‌ಳಲ್ಲಿ ಅಂಥ ಒಂದು ಕಪ್ಪು ಚುಕ್ಕೆ ಇತ್ತು. ಮರ್ವ್‌ನ ಅಂಗಿಯ ಜೇಬಿನಲ್ಲಿ ಗಣಿಯ ಕಾಲದಿಂದ ಒಂದು ಪೆನ್ನಿನಂಥ ಆಯಸ್ಕಾಂತ ಇರುತ್ತಿತ್ತು, ಅದಿರಿನಲ್ಲಿ ಕಬ್ಬಿಣ ಇದೆಯೇ ಎಂದು ನೋಡಲು. ಅದರ ತುದಿಗೆ ಹೊಸ ಬಲವಾದ ತುಂಡನ್ನು ಅಂಟಿಸಿಕೊಂಡಿದ್ದ. ತಟ್ಟೆಯಲ್ಲಿ ನೀರು ಹಾಕಿಸಿ, ಥರ್ಮಾಕೋಲಿನ ಚೂರಿನ ಮೇಲೆ ಉಂಗುರ ತೇಲಿಬಿಟ್ಟು, ಆಯಸ್ಕಾಂತವನ್ನು ಅಂಚಿಗೆ ತರುತ್ತಿದ್ದ. ಉಂಗುರ ಮೆಲ್ಲಗೆ ತಿರುಗಿ ಅದರ ಕಡೆ ತೇಲಿ ಬರುತ್ತಿತ್ತು. "ಬದುಕಿದ್ದಾಗ ಕರೆದ್ರೆ ಬರ್ತಿರಲಿಲ್ಲ," ಎಂದು ನೋಡಿದವರಿಗೆಲ್ಲ ಹೇಳುತ್ತಿದ್ದ. ಊರಿನ ಕ್ಲಬ್ಬಿನಲ್ಲಿ ಈ ಆಟ ನೋಡದವರು ಇರಲಿಲ್ಲ.

ಉಂಗುರ ತೆಗೆದುಕೊಳ್ಳುವಾಗ ವೆಸ್ನಾ ಕೇಳಿದ್ದಳು, ಬಣ್ಣಕ್ಕೆ ಅಂತ ಇದಕ್ಕೆ ಏನಾದರೂ ಮಾಡಿಸಿದ್ದಾರೆಯೇ ಎಂದು. ಏನೂ ಇಲ್ಲ, ಹಾಗೇ ಬಂದಳು ಎಂದಿದ್ದ ಮರ್ವ್. ಒಬ್ಬೊಬ್ಬರದು ಒಂದೊಂದು ಬಣ್ಣ ಬರುತ್ತದಂತೆ, ಕೆರಿನ್ ಕೇಳಿ ತಿಳಿದುಕೊಂಡಿದ್ದಾಳಂತೆ. ಅಷ್ಟಕ್ಕೆ ಅವಳು ಸುಮ್ಮನಾದಳು. ಇನ್ನೊಂದು ಮಾತು ಕೇಳಬೇಕಿತ್ತು. ಹಸಿರು ವಜ್ರ ಮೇಜಿಗೆ ಬಂದರೆ ಅನುಮಾನದಿಂದ ನೋಡಬೇಕೆಂದು ಅವಳಿಗೆ ಗೊತ್ತಿತ್ತು; ಸಿಡ್ನಿಯಲ್ಲಿ ನಡೆದ ತರಬೇತಿಯಲ್ಲಿ ಅದನ್ನೇ ಒಂದು ಬೆಳಿಗ್ಗೆ ಪೂರ್ತಿ ಹೇಳಿದ್ದರು. ಆದರೆ ಗಂಡ ಹೆಂಡತಿಯ ಬಗ್ಗೆ ಹೇಳುವ ಮಾತನ್ನು ಪರೀಕ್ಷಿಸುವುದು ಹೇಗೆ? ಉಳಿದ ಕೊಕ್ಕೆಗಳು ತೆಳ್ಳಗಿದ್ದವು, ಹರಳನ್ನು ಬಿಡಿಸಲು ಹೋದರೆ ಅವೂ ಮುರಿದಾವೆಂಬ ಅಳುಕಿತ್ತು. ವಜ್ರ ತಾನೆ ಎಂದುಕೊಂಡಳು.

ಬೋರಿಕ್ ಪುಡಿ ಉರಿಯುವುದು ಹಸಿರು ಜ್ವಾಲೆಯಲ್ಲಿ. ಆ ಹಸಿರಿನೊಳಗೆ ಹರಳಿನ ಹಸಿರು ಕಾಣುವಂತಿರಲಿಲ್ಲ. ಆಮೇಲೆ ಬಿಳಿ ಪದರ ಅದನ್ನು ಮುಚ್ಚಿತು. ಮೊದಲ ಕೊಕ್ಕೆಗೆ ಬೆಸುಗೆ ಸಲೀಸಾಗಿ ಹರಿಯಿತು. ಎರಡನೆಯದು ಹಠ ಮಾಡಿತು. ಅವಳು ಬೆಸುಗೆಯ ಜ್ವಾಲೆಯನ್ನು ಇನ್ನಷ್ಟು ಹತ್ತಿರ ತಂದು, ಇನ್ನಷ್ಟು ಹೊತ್ತು ಹಿಡಿದಳು.

ಈಗ ಬಟ್ಟೆಯ ಮುಂದೆ ಕೂತು ಅವಳಿಗೆ ಆ ತರಬೇತಿಯ ಮಾತು ಒಂದೊಂದೇ ನೆನಪಾಯಿತು. ವಜ್ರದೊಳಗೆ ಇಂಗಾಲದ ಪರಮಾಣುಗಳು ತಂತಮ್ಮ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತವೆ. ವೇಗದ ಎಲೆಕ್ಟ್ರಾನುಗಳನ್ನು ಅದರ ಮೂಲಕ ಹಾಯಿಸಿದರೆ ಕೆಲವು ಪರಮಾಣುಗಳು ಜಾಗದಿಂದ ಕಿತ್ತು ಹೋಗುತ್ತವೆ. ಖಾಲಿಯಾದ ಆ ಜಾಗಗಳು ಬೆಳಕಿನ ಕೆಂಪನ್ನು ನುಂಗುತ್ತವೆ. ಯಂತ್ರದಲ್ಲಿ ಹಳದಿಯಾಗಿ ಬೆಳೆದ ಹರಳು ಹಸಿರಾಗುವುದು ಹೀಗೆ. ಅದು ಬಣ್ಣವಲ್ಲ, ಗಾಯ. ಸಾಮಾನ್ಯ ಬದುಕಿನಲ್ಲಿ ಆ ಗಾಯ ಎಷ್ಟು ವರ್ಷವಾದರೂ ಹಾಗೇ ಇರುತ್ತದೆ. ಆದರೆ ಬೆಸುಗೆಯ ಬಿಸಿಯಲ್ಲಿ ಖಾಲಿ ಜಾಗಗಳು ಹರಳಿನೊಳಗೇ ಅಲೆಯತೊಡಗಿ, ಅಲ್ಲಲ್ಲಿ ಇರುವ ಸಾರಜನಕದ ಪರಮಾಣುಗಳ ಪಕ್ಕಕ್ಕೆ ಹೋಗಿ ನಿಲ್ಲುತ್ತವೆ. ಆಗ ಹರಳು ನುಂಗುವುದು ಹಸಿರನ್ನು. ಕಣ್ಣಿಗೆ ಉಳಿಯುವುದು ಕೆಂಪು. ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ.

ಹಾಗಾದರೆ ಲೊರೇನ್‌ಳ ಹರಳಿಗೆ ಯಾರೋ ಅಂಥ ಎಲೆಕ್ಟ್ರಾನುಗಳ ಕಿರಣ ಕೊಡಿಸಿದ್ದರು.

ಅವಳು ಬಾಗಿಲು ಹಾಕಿಕೊಂಡು ಕೆರಿನ್‌ಗೆ ಫೋನ್ ಮಾಡಿದಳು. ನಡೆದದ್ದನ್ನು ಹೇಳದೆ, ಹರಳನ್ನು ಹಸಿರು ಮಾಡಿಸಲು ಕಿರಣ ಕೊಡಿಸಿದ್ದಿರಾ ಎಂದಷ್ಟೇ ಕೇಳಿದಳು.

ಕೆರಿನ್ ದನಿ ತಗ್ಗಿಸಿ ಕೇಳಿದಳು: "ಅಪ್ಪ ಪಕ್ಕದಲ್ಲಿದಾರಾ?"

ಉತ್ತರ ಸಿಕ್ಕಂತಾಯಿತು. ಉಳಿದದ್ದನ್ನು ಕೆರಿನ್ ತಡೆಯದೆ ಹೇಳಿಕೊಂಡಳು. ಹಾಗೆಯೇ ಬಿಟ್ಟರೆ ಹರಳು ಮಂಕು ಹಳದಿ ಬರುತ್ತದೆ ಎಂದು ಕಂಪನಿಯವರು ಹೇಳಿದ್ದರಂತೆ. ಹಸಿರೂ ಸಿಗುತ್ತದೆ ಎಂದರಂತೆ. ನೀರಿಗೆ ಬರವಿದ್ದ ವರ್ಷಗಳಲ್ಲೂ ಬಟ್ಟೆ ಒಗೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಮನೆ ಮುಂದಿನ ಹುಲ್ಲನ್ನು ಉಳಿಸಿಕೊಂಡವಳು ಅಮ್ಮ. ಆ ಬೀದಿಯಲ್ಲಿ ಹಸಿರು ಎಂದರೆ ಅದೊಂದೇ ಚೌಕ. ಅದಕ್ಕೇ ಕೆರಿನ್ ಹಸಿರು ಎಂದುಬಿಟ್ಟಳು. ಹೇಗೆ ಮಾಡುತ್ತಾರೆಂದು ತಿಳಿದದ್ದು ಹರಳು ಬಂದ ಮೇಲೆ.

ಅದನ್ನು ಅಪ್ಪನಿಗೆ ಹೇಳಲಾಗದ ಕಾರಣ ವೆಸ್ನಾಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಲೊರೇನ್‌ಗೆ ಅಡಿಲೇಡ್‌ನಲ್ಲಿ ಕಿರಣ ಚಿಕಿತ್ಸೆ ಕೊಟ್ಟಿದ್ದರು. ಗಂಟಲು ಸುಟ್ಟು ನೀರೂ ಇಳಿಯದಂತಾಗಿತ್ತು. ಎರಡನೆಯ ಸುತ್ತಿಗೆ ಕರೆದಾಗ ಅವಳು ಸಾಕು ಎಂದಳು. ಕೆರಿನ್ ಬೇಕೆಂದಳು, ಮರ್ವ್ ಹೆಂಡತಿಯ ಪಕ್ಕ ನಿಂತ. ಇನ್ನು ಯಾವ ಯಂತ್ರದ ಕೆಳಗೂ ಇವಳನ್ನು ಮಲಗಿಸುವುದಿಲ್ಲ ಎಂದು ಡಾಕ್ಟರರ ಮುಂದೆಯೇ ಮಗಳಿಗೆ ಹೇಳಿ, ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದ. ಅಪ್ಪ ಮಗಳು ಆಮೇಲೆ ತಿಂಗಳುಗಟ್ಟಲೆ ಮಾತಾಡಿರಲಿಲ್ಲ. ಅವರನ್ನು ಮತ್ತೆ ಹತ್ತಿರ ತಂದದ್ದೇ ಈ ಹರಳು.

ವೆಸ್ನಾ ಈಗ ಆದ ಅನಾಹುತವನ್ನು ಹೇಳಿದಳು. ಕೆರಿನ್ ಅಳಲಿಲ್ಲ, ಬೈಯಲೂ ಇಲ್ಲ.

"ಬೇರೆ ಹಸಿರು ಹಾಕಿಬಿಡಿ," ಎಂದಳು. "ದಯವಿಟ್ಟು. ಅವರಿಗೆ ಗೊತ್ತಾಗೋದು ಬೇಡ."

"ಆಯಸ್ಕಾಂತ?"

"ಬಿಸಿ ತಾಗಿದ ಮೇಲೆ ಎಳೆಯಲ್ಲ ಅಂತ ಹೇಳಿ. ನೀವು ಹೇಳಿದ್ರೆ ನಂಬ್ತಾರೆ."

ನಂಬುತ್ತಾನೆ ಎಂಬುದೇ ವೆಸ್ನಾಳಿಗೆ ಕಷ್ಟವಾದದ್ದು. ಬಿಸಿ ತಾಗಿದರೆ ಎಳೆಯುವುದಿಲ್ಲ ಎಂಬುದು ಸುಳ್ಳು. ಫೋನ್ ಇಟ್ಟು ತಟ್ಟೆಯಲ್ಲಿ ನೀರು ಹಾಕಿ, ಉಂಗುರವನ್ನು ತೇಲಿಬಿಟ್ಟು, ಹಾರಿದ ಉಕ್ಕಿನ ಪುಡಿ ಎತ್ತುವ ತನ್ನ ಆಯಸ್ಕಾಂತವನ್ನು ಅಂಚಿಗೆ ಹಿಡಿದಳು. ತುಕ್ಕು ಬಣ್ಣದ ಹರಳು ಮೊದಲಿನಂತೆಯೇ ತಿರುಗಿತು, ಮೊದಲಿನಂತೆಯೇ ಬಂತು. ಕಪ್ಪು ಚುಕ್ಕೆಗೆ ಬೆಂಕಿಯ ಲೆಕ್ಕವೇ ಇರಲಿಲ್ಲ.

ಗ್ರೇಮ್‌ಗೆ ಹೇಳಿದಾಗ ಅವನು ಮೊದಲು ಬಾಗಿಲಿನ ಕಡೆ ನೋಡಿದ, ಆಮೇಲೆ ಹರಳಿನ ಕಡೆ. ಅವನು ಕೆಟ್ಟವನಲ್ಲ. ಮರ್ವ್‌ನನ್ನು ಕಂಡರೆ ಅವನಿಗೆ ಪ್ರೀತಿಯೇ. ಸಿಡ್ನಿಯ ವ್ಯಾಪಾರಿಯ ಹತ್ತಿರ ಪ್ರಯೋಗಾಲಯದಲ್ಲಿ ಬೆಳೆದ ಹಸಿರು ಹರಳುಗಳು ಡಬ್ಬಿಗಟ್ಟಲೆ ಇವೆ, ಇದೇ ಅಳತೆಯದು ಎರಡು ದಿನದಲ್ಲಿ ಬರುತ್ತದೆ, ಮಗಳೇ ಒಪ್ಪಿದ ಮೇಲೆ ನಮ್ಮದೇನು ಎಂದ.

"ಮರ್ವ್ ಬೆರಳಲ್ಲಿ ಯಾರೋ ಗೊತ್ತಿಲ್ಲದವರದ್ದು ಇರುತ್ತಲ್ಲ ಗ್ರೇಮ್."

"ಇಂಗಾಲದ ಮೇಲೆ ಹೆಸರು ಬರೆದಿರುತ್ತಾ ವೆಸ್? ಯಾವ ಯಂತ್ರದಲ್ಲಿಟ್ಟು ನೋಡಿದ್ರೂ ಇದು ಲೊರೇನ್ ಅಂತ ಯಾರಾದ್ರೂ ಹೇಳ್ತಾರಾ?"

ಹೇಳುವುದಿಲ್ಲ. ಅದು ನಿಜ. ಬೂದಿಯಿಂದ ಬಂದ ಇಂಗಾಲಕ್ಕೂ ಬೇರೆ ಇಂಗಾಲಕ್ಕೂ ಹರಳಿನಲ್ಲಿ ವ್ಯತ್ಯಾಸ ತೋರಿಸುವ ಯಾವ ಪರೀಕ್ಷೆಯೂ ಇಲ್ಲ. ಇದು ಲೊರೇನ್ ಎಂಬುದು ನಿಂತಿರುವುದು ಒಬ್ಬರಿಂದ ಒಬ್ಬರಿಗೆ ಬಂದ ಮಾತಿನ ಮೇಲೆ: ಕಂಪನಿ ಕೆರಿನ್‌ಗೆ ಹೇಳಿದ್ದು, ಕೆರಿನ್ ಮರ್ವ್‌ಗೆ ಹೇಳಿದ್ದು, ಮರ್ವ್ ಊರಿಗೆ ಹೇಳಿದ್ದು. ಆ ಸಾಲಿನಲ್ಲಿ ಕೊನೆಯವಳಾಗಿ ತಾನು ನಿಂತಿದ್ದೇನೆ, ಇಲ್ಲಿ ಕಡಿದರೆ ಕಡಿದದ್ದೂ ಯಾರಿಗೂ ಕಾಣುವುದಿಲ್ಲ ಎಂದು ವೆಸ್ನಾಳಿಗೆ ಹೊಳೆಯಿತು. ಅವಳು ಗ್ರೇಮ್‌ಗೆ ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡು ಸಿಡ್ನಿಗೆ ಫೋನ್ ಮಾಡಿದ.

ಆ ಎರಡು ದಿನವೂ ಮರ್ವ್ ಬಂದ. ಬೋಳು ಬೆರಳನ್ನು ಗಾಜಿನ ಮೇಲೆ ತಟ್ಟುತ್ತ, ಹೆಂಡತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಊಟ ತಿಂಡಿ ಸರಿಯಾಗಿ ಕೊಡುತ್ತಿದ್ದೀರಾ ಎಂದು ವಿಚಾರಿಸಿದ. ವೆಸ್ನಾ ಹಿಂದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಹರಳು ಬಂತು. ಚೆನ್ನಾಗಿತ್ತು. ಚುಕ್ಕೆ ಇಲ್ಲದ, ಒಂದೇ ಸಮನಾದ ಹಸಿರು. ಅವಳು ಕೊಕ್ಕೆಗಳು ಮುರಿಯದಂತೆ ಮೆಲ್ಲಗೆ ಬಗ್ಗಿಸಿ ಸುಟ್ಟ ಹರಳನ್ನು ಉಂಗುರದಿಂದ ಬಿಡಿಸಿ ಒಂದು ಕಾಗದದ ಪೊಟ್ಟಣದಲ್ಲಿಟ್ಟಳು. ಹೊಸದನ್ನು ಥರ್ಮಾಕೋಲಿನ ಮೇಲಿಟ್ಟು ತೇಲಿಬಿಟ್ಟಳು. ಆಯಸ್ಕಾಂತ ತಂದಳು. ಅದು ಇದ್ದಲ್ಲೇ ಇತ್ತು. ಇನ್ನೊಂದು ಬದಿಯಿಂದ ತಂದಳು. ಆಗಲೂ ಇತ್ತು.

ಹೊರಗೆ ಮರ್ವ್‌ನ ಕೆಮ್ಮು ಕೇಳಿಸಿತು. ಇನ್ನೇನು ಆಗಿಯೇಹೋಯಿತು, ಮಧ್ಯಾಹ್ನ ಬಾ ಎಂದು ಗ್ರೇಮ್ ಹೇಳುತ್ತಿದ್ದ. ವೆಸ್ನಾ ಬಾಗಿಲು ತೆರೆದು, ಒಳಗೆ ಬನ್ನಿ ಮರ್ವ್ ಎಂದಳು. ಗ್ರೇಮ್ ಅವಳನ್ನೇ ನೋಡಿದ. ಆಗಲೇ ಗಿರಾಕಿಯೊಬ್ಬಳು ಬಂದದ್ದರಿಂದ ಅವನು ಮುಂದೆಯೇ ಉಳಿಯಬೇಕಾಯಿತು.

ಅವಳು ಮರ್ವ್‌ನನ್ನು ಸ್ಟೂಲಿನ ಮೇಲೆ ಕೂರಿಸಿ ಪೊಟ್ಟಣ ಬಿಚ್ಚಿದಳು. ಬೆಂಕಿ ಹಿಡಿದದ್ದು ತಾನು, ಬಿಡಿಸದೆ ಹಿಡಿದದ್ದು ತಪ್ಪು, ಸರಿಮಾಡಲು ಆಗುವುದಿಲ್ಲ ಎಂದು ಹೇಳಿದಳು. ಮರ್ವ್ ಕನ್ನಡಕ ಏರಿಸಿ ಬಗ್ಗಿದ. ಬಹಳ ಹೊತ್ತು ನೋಡಿದ.

"ಲಾನ್ ಒಣಗಿಹೋಗಿದೆ," ಎಂದ.

ಇಷ್ಟಕ್ಕೆ ಮುಗಿದರೆ ಸಾಕು, ತನ್ನ ತಪ್ಪೊಂದೇ ಮೇಜಿನ ಮೇಲೆ ಇರಲಿ ಎಂದು ಅವಳು ಬಯಸಿದಳು. ಆದರೆ ನಲವತ್ತು ವರ್ಷ ಕಲ್ಲು ನೋಡಿದವನು ಅವನು.

"ಚಿನ್ನ ಕರಗೋ ಬಿಸಿಗೆ ಹಸಿರು ಹೋಯ್ತು ಅಂತೀಯಾ. ಇವಳನ್ನ ಬೆಳೆಸಿದ್ದೇ ಅದಕ್ಕಿಂತ ಜಾಸ್ತಿ ಬಿಸೀಲಿ ಅಲ್ವಾ? ಆಗ ಉಳ್ಕೊಂಡಿದ್ದು ಈಗ ಯಾಕೆ ಹೋಗುತ್ತೆ?"

ವೆಸ್ನಾ ಪೊಟ್ಟಣದ ಅಂಚನ್ನು ಮಡಿಸಿದಳು.

"ಹಸಿರು ಆಮೇಲೆ ಬಂದದ್ದು. ಹೌದೋ ಅಲ್ವೋ?"

"ಹೌದು."

"ಹೇಗೆ?"

"ಕಿರಣ ಹಾಯಿಸಿ."

ಅವನ ಕೈ ಕನ್ನಡಕದ ಮೇಲೆ ನಿಂತಿತು. "ಆಸ್ಪತ್ರೇದು ಇತ್ತಲ್ಲ, ಅಂಥದ್ದಾ?"

"ಅದೇ ಜಾತೀದು. ಅದಕ್ಕಿಂತ ತುಂಬಾ ಜಾಸ್ತಿ." ಅವಳು ಬೇಗ ಸೇರಿಸಿದಳು: "ಈಗ ಅದರಲ್ಲಿ ಏನೂ ಉಳಿದಿಲ್ಲ ಮರ್ವ್. ಮುಟ್ಟಿದ್ರೆ ಏನೂ ಆಗಲ್ಲ."

"ನನಗಾಗೋದಲ್ಲ ನಾನು ಕೇಳಿದ್ದು."

ಮುಂದಿನ ಪ್ರಶ್ನೆ ಬರುತ್ತದೆಂದು ಅವಳು ಕಾದಳು. ಕೆರಿನ್‌ಗೆ ಗೊತ್ತಿತ್ತೇ ಎಂದು ಕೇಳಿದರೆ ಏನು ಹೇಳಬೇಕೆಂದು ಎರಡು ದಿನ ಯೋಚಿಸಿಯೂ ತೀರ್ಮಾನವಾಗಿರಲಿಲ್ಲ. ಅವನು ಕೇಳಲಿಲ್ಲ. ಅವಳು ಮೇಜಿನ ಮೇಲಿನ ಬೆಸುಗೆ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ಅವನು ಆ ಬೆರಳನ್ನು ನೋಡಿದ.

"ಸರಿ ಬಿಡು," ಎಂದ.

ಆಮೇಲೆ ಜೇಬಿನಿಂದ ಆಯಸ್ಕಾಂತ ತೆಗೆದ. ತಟ್ಟೆಯಲ್ಲಿ ನೀರು ಇದ್ದೇ ಇತ್ತು. ಥರ್ಮಾಕೋಲಿನ ಮೇಲೆ ಕೂತಿದ್ದ ಹಸಿರು ಹರಳು ಅವನ ಕಣ್ಣಿಗೆ ಬಿತ್ತು.

"ಇದು ಯಾರು?"

"ಯಾರೂ ಅಲ್ಲ. ಗ್ರೇಮ್ ತರಿಸಿದ್ದು."

ಅವನು ಅದನ್ನು ಚಿಮಟದಿಂದ ಎತ್ತಿ ಬದಿಗಿಟ್ಟು, ತುಕ್ಕು ಬಣ್ಣದ್ದನ್ನು ಅದರ ಜಾಗದಲ್ಲಿ ಕೂರಿಸಿದ. ಆಯಸ್ಕಾಂತವನ್ನು ಅಂಚಿಗೆ ತಂದ. ಥರ್ಮಾಕೋಲು ನಡುಗಿತು, ತಿರುಗಿತು, ಅವನ ಕಡೆ ಬಂದು ತಟ್ಟೆಯ ಅಂಚಿಗೆ ತಾಗಿ ನಿಂತಿತು. ಅವನು ತಮಾಷೆಯ ಮಾತು ಏನೂ ಆಡಲಿಲ್ಲ. ಕಿಟಕಿಯಾಚೆ ಗಣಿಯ ಮಣ್ಣಿನ ದಿಬ್ಬದ ಕಡೆ ಮುಖ ಮಾಡಿ ಕೂತ.

"ಅವಳು ಕೇಳಿದ್ದು ಅದೊಂದೇ," ಎಂದ ಕೊನೆಗೆ. "ಇನ್ನು ಬೇಡ ಅಂತ. ನಾನು ಆಗಲಿ ಅಂದಿದ್ದೆ."

ವೆಸ್ನಾ ಅವನ ಭುಜ ಮುಟ್ಟಲು ಕೈ ಎತ್ತಿ, ಹಾಗೇ ಇಳಿಸಿದಳು.

ಅವನು ಎದ್ದು ನಿಂತು ಸುಟ್ಟ ಹರಳನ್ನು ಪೊಟ್ಟಣದಲ್ಲಿ ಮಡಿಸಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಉಂಗುರವನ್ನು ಅವಳ ಕಡೆ ಸರಿಸಿದ. "ಆ ಯಾರೂ ಅಲ್ಲದ್ದನ್ನ ಇದಕ್ಕೆ ಕೂರಿಸು. ಈಸ್ಟರಿಗೆ ಮಗಳು ಬರ್ತಾಳೆ. ಕೈ ನೋಡೇ ನೋಡ್ತಾಳೆ."

"ಮರ್ವ್, ಅವಳಿಗೆ…"

"ಅವಳು ಒಳ್ಳೇದಕ್ಕೇ ಮಾಡಿರ್ತಾಳೆ. ನನಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾದ್ರೆ, ಮತ್ತೆ ಈ ಕಡೆ ಬರಲ್ಲ. ನಾನು ಇವಳೊಬ್ಬಳನ್ನ ಜೇಬಲ್ಲಿಟ್ಕೊಂಡು ಇನ್ನೊಬ್ಬಳನ್ನ ಕಳ್ಕೋಬೇಕಾ?" ಬಾಗಿಲ ಹತ್ತಿರ ತಿರುಗಿ, "ನೀನು ಹೇಳಿದ್ದು ಒಳ್ಳೇದಾಯ್ತು," ಎಂದ. ಅದರಲ್ಲಿ ಒಳ್ಳೆಯದರ ಸುಳಿವೇ ಇರಲಿಲ್ಲ.

ವೆಸ್ನಾ ಆ ಮಧ್ಯಾಹ್ನ ಹಸಿರು ಹರಳನ್ನು ಕೂರಿಸಿದಳು. ಬೆಂಕಿ ಬೇಕಿರಲಿಲ್ಲ, ಕೊಕ್ಕೆಗಳನ್ನು ಒತ್ತಿದರೆ ಸಾಕಿತ್ತು. ಗ್ರೇಮ್ ತನ್ನ ಮಾತೇ ನಡೆಯಿತೆಂದುಕೊಂಡು ನಿಟ್ಟುಸಿರು ಬಿಟ್ಟ. ಅವಳು ತಿದ್ದಲಿಲ್ಲ. ಕೆರಿನ್ ಮತ್ತೆ ಫೋನ್ ಮಾಡಿದಾಗ, ಉಂಗುರ ತಯಾರಾಗಿದೆ, ಅಪ್ಪ ತೆಗೆದುಕೊಂಡು ಹೋದರು ಎಂದಳು. ಎರಡೂ ನಿಜವೇ.

ಈಸ್ಟರ್ ಶನಿವಾರ ಅಪ್ಪ ಮಗಳು ಇಬ್ಬರೂ ಅಂಗಡಿಗೆ ಬಂದರು. ಕೆರಿನ್‌ಗೆ ಲೊರೇನ್‌ಳದೇ ಹಣೆ, ಮರ್ವ್‌ನ ಮೊಂಡು ಗದ್ದ. ಅವಳು ಅಪ್ಪನ ತೋಳಿಗೆ ತೋಳು ಸಿಕ್ಕಿಸಿಕೊಂಡಿದ್ದಳು. ವೆಸ್ನಾ ವರ್ಷಗಳಿಂದ ಅವರನ್ನು ಹಾಗೆ ಕಂಡಿರಲಿಲ್ಲ. ಮರ್ವ್‌ನ ಕಿರುಬೆರಳಿನಲ್ಲಿ ಹಸಿರು ಮಿನುಗುತ್ತಿತ್ತು. ಗ್ರೇಮ್ ತನ್ನ ತಂಡ ಗೆದ್ದ ಸುದ್ದಿ ತೆಗೆದ. ನಿನ್ನ ತಂಡ ಗೆದ್ದರೆ ಅದು ಕ್ಯಾಲೆಂಡರಿನ ತಪ್ಪು ಎಂದ ಮರ್ವ್. ಎಲ್ಲರೂ ನಕ್ಕರು.

ನಗು ಮುಗಿಯುವ ಮೊದಲೇ ಕೆರಿನ್ ವೆಸ್ನಾಳ ಕಡೆ ತಿರುಗಿದಳು. ಅವಳ ದನಿ ಹಗುರವಾಗಿತ್ತು, ಕಣ್ಣು ಹಗುರವಾಗಿರಲಿಲ್ಲ.

"ಅಪ್ಪ ಆ ತಟ್ಟೆ ಆಟ ಆಡಲೇ ಇಲ್ಲ ಈ ಸಲ. ಬಿಸಿ ತಾಗಿದ ಮೇಲೆ ಆಯಸ್ಕಾಂತ ಎಳೆಯಲ್ಲ, ಅಲ್ವಾ ವೆಸ್ನಾ? ನೀವೇ ಹೇಳಿ ಅವರಿಗೆ."

ಮರ್ವ್ ವೆಸ್ನಾಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಬೇಡಿಕೆಯಾಗಲಿ ಎಚ್ಚರಿಕೆಯಾಗಲಿ ಕಾಣಲಿಲ್ಲ. ಗಿರಾಕಿಯೊಬ್ಬ ಬೆಲೆ ಕೇಳಿ ಕಾಯುವಂತೆ ಕಾಯುತ್ತಿದ್ದ.

"ಹೌದು," ಎಂದಳು ವೆಸ್ನಾ. "ಎಳೆಯಲ್ಲ."

"ನೋಡಿದ್ರಾ?" ಎಂದಳು ಕೆರಿನ್ ಅಪ್ಪನಿಗೆ.

"ಅವಳು ಹೇಳಿದ್ಮೇಲೆ ಮುಗೀತು," ಎಂದ ಮರ್ವ್. ಬಲಗೈ ಎದೆಯ ಜೇಬಿನ ಗುಂಡಿ ಹಾಕಿದೆಯೇ ಎಂದು ಮುಟ್ಟಿ ನೋಡಿತು. ಆಮೇಲೆ ಮಗಳ ತೋಳು ಹಿಡಿದು, ಮಿಲ್ಕ್ ಬಾರ್ ಎನ್ನುವ ತಿಂಡಿ ಅಂಗಡಿ ಮುಚ್ಚುವುದರೊಳಗೆ ಹೋಗಬೇಕೆಂದು ಹೊರಟ.

ವೆಸ್ನಾ ಹಿಂದಿನ ಕೋಣೆಗೆ ಬಂದಳು. ಮೇಜಿನ ಮೇಲೆ ಒಂದು ನಿಶ್ಚಿತಾರ್ಥದ ಉಂಗುರ ಕಾಯುತ್ತಿತ್ತು, ಬಿಳಿ ವಜ್ರ, ಒಂದು ಕೊಕ್ಕೆ ಸವೆದದ್ದು. ಕೈ ಅಭ್ಯಾಸದಂತೆ ಬೋರಿಕ್ ಪುಡಿಯ ಡಬ್ಬಿಯ ಕಡೆ ಹೋಯಿತು. ಅವಳು ಡಬ್ಬಿಯ ಮುಚ್ಚಳ ಹಾಕಿ, ಹರಳು ಯಾರದು, ಏನೇನು ಮಾಡಿಸಿದ್ದೀರಿ ಎಂದು ಕೇಳಲು ಫೋನ್ ಎತ್ತಿದಳು. ನಂಬರ್ ಒತ್ತಿದ ಮೇಲೆ, ಆ ಕಡೆಯವರು ಹೇಳುವುದನ್ನು ನಂಬುವುದು ಹೇಗೆ ಎಂದು ಯೋಚಿಸುತ್ತ ಕೂತಳು.